ಹಟಮಾರಿ ಟೈರನ್ನು ರಿಮ್ಮಿಗೆ ಕೂರಿಸುವ ಸೂತ್ರಗಳು

ರೋಡ್ ಬೈಕಿನ ಹೊಸ ಟೈರ್ ಮುಕ್ಕಾಲು ಸುತ್ತು ಸಲೀಸಾಗಿ ಕೂರುತ್ತದೆ. ಕೊನೆಯ ಒಂದು ಗೇಣು ಮಾತ್ರ ಜಪ್ಪಯ್ಯ ಅಂದರೂ ಒಳಗೆ ಹೋಗುವುದಿಲ್ಲ. ತಪ್ಪು ಟೈರ್ ಕೊಟ್ಟನೆಂದು ಅಂಗಡಿಯವನನ್ನು ಬಯ್ಯುವ ಮೊದಲು ಇಷ್ಟು ಮಾಡಿ ನೋಡಿ.

1. ನಂಬರ್ ಓದಿ. ಟೈರಿನ ಪಕ್ಕದಲ್ಲಿ 25-622 ಅಥವಾ 28-622 ಎಂದು ಅಚ್ಚಾಗಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರಿನ ಅಂಚು ಕೂರುವ ಜಾಗದ ವ್ಯಾಸ, ಮಿಲಿಮೀಟರ್ ಲೆಕ್ಕದಲ್ಲಿ. ನಾವು 700ಸಿ ಅನ್ನುವುದು ಈ 622ಕ್ಕೇ. ರಿಮ್ಮಿನದ್ದೂ ಅಷ್ಟೇ ಇದ್ದರೆ ಟೈರಿನ ಮೇಲಿನ ಅನುಮಾನ ಬಿಟ್ಟುಬಿಡಿ. ರಿಮ್ ಹುಕ್‌ಲೆಸ್, ಅಂದರೆ ಒಳ ಅಂಚಿನಲ್ಲಿ ಕೊಕ್ಕೆ ಇಲ್ಲದ್ದು ಆಗಿದ್ದರೆ ಇನ್ನೊಂದು ಎಚ್ಚರ ಬೇಕು: ಅದಕ್ಕೆ ಒಪ್ಪುತ್ತದೆಂದು ಕಂಪನಿ ಹೇಳಿರುವ ಟೈರೇ ಆಗಬೇಕು, ಗಾಳಿಯೂ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು.

2. ತಗ್ಗು ಹುಡುಕಿ. ಉಳಿದ ಸೂತ್ರಗಳನ್ನೆಲ್ಲ ಮರೆತರೂ ಇದೊಂದು ನೆನಪಿರಲಿ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯೋ ಕೆವ್ಲರ್ ಎಳೆಯೋ ಇರುತ್ತದೆ. ಎರಡೂ ಹಿಗ್ಗುವ ಜಾತಿಯಲ್ಲ. ಗಾಜಿನ ಬಳೆಯೂ ಹಿಗ್ಗುವುದಿಲ್ಲವಲ್ಲ, ಬಳೆಗಾರ ಕೈಯನ್ನೇ ಒತ್ತಿ ಕಿರಿದು ಮಾಡಿ ಬಳೆ ಏರಿಸುತ್ತಾನೆ. ಇಲ್ಲಿಯೂ ಕಿರಿದಾಗಬೇಕಾದ್ದು ಒಳಗಿನ ಸುತ್ತು. ರಿಮ್ಮಿನ ಒಳಗೆ ಬೆರಳಾಡಿಸಿ: ಎರಡೂ ಅಂಚಿನಲ್ಲಿ ಮೆಟ್ಟಿಲು, ನಡುವೆ ತಗ್ಗು ಸಿಗುತ್ತದೆ. ಟೈರಿನ ಅಂಚು ಮೆಟ್ಟಿಲ ಮೇಲೆ ಕೂತಿದ್ದರೆ ಒಂದಿಷ್ಟೂ ಸಡಿಲ ಸಿಗದು. ತಗ್ಗಿಗೆ ಇಳಿಸಿದರೆ ಅದು ಸುತ್ತುವ ವ್ಯಾಸ ಕಡಿಮೆಯಾಗುತ್ತದೆ. ವ್ಯಾಸ 1 ಮಿ.ಮೀ. ಇಳಿದರೆ ಸುತ್ತಳತೆಯಲ್ಲಿ 3 ಮಿ.ಮೀ.ಗೂ ಮಿಕ್ಕಿ ಉಳಿತಾಯ. ಆ ಉಳಿತಾಯವೇ ಕೊನೆಯ ಗೇಣನ್ನು ದಾಟಿಸುವುದು. 1890ರಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ತಂತಿಯಂಚಿನ ಟೈರಿಗೂ ನಡು ತಗ್ಗಿದ ರಿಮ್ಮಿಗೂ ಪೇಟೆಂಟ್ ಪಡೆದ. ಉಪಾಯ ಇವತ್ತಿಗೂ ಅದೇ. ನಾವು ಮಾತ್ರ ರಟ್ಟೆ ಬಲ ನಂಬಿಕೊಂಡಿದ್ದೇವೆ.

3. ರಿಮ್ ಪಟ್ಟಿ ದಪ್ಪವಿದೆಯೇ ನೋಡಿ. ದಪ್ಪ ಬಟ್ಟೆಯ ಪಟ್ಟಿ ಆ ತಗ್ಗನ್ನೇ ತುಂಬಿಬಿಟ್ಟಿರಬಹುದು. ತೆಳುವಾದ ಟ್ಯೂಬ್‌ಲೆಸ್ ಪಟ್ಟಿ ಹಾಕಿದರೆ ಎಷ್ಟೋ ಹಟಮಾರಿ ಟೈರುಗಳು ಪಳಗುತ್ತವೆ. ಸ್ಪೋಕ್ ತೂತುಗಳು ಪೂರ್ತಿ ಮುಚ್ಚಿರಲಿ, ಇಲ್ಲವಾದರೆ ಟ್ಯೂಬ್ ಅಲ್ಲೇ ಉಬ್ಬಿ ಪಂಚರ್.

4. ವಾಲ್ವ್ ಕೊನೆಗೆ. ಒಂದು ಪಕ್ಕದ ಅಂಚು ಪೂರ್ತಿ ಹಾಕಿ, ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ಕೊಟ್ಟು ಒಳಗಿಡಿ. ಎರಡನೇ ಅಂಚನ್ನು ವಾಲ್ವಿನ ಎದುರು ದಿಕ್ಕಿನಿಂದ ಶುರುಮಾಡಿ, ಎರಡೂ ಕೈಯಲ್ಲಿ ವಾಲ್ವಿನತ್ತ ಬನ್ನಿ. ವಾಲ್ವಿನ ಬುಡ ಅಡ್ಡ ಇರುವುದರಿಂದ ಅಲ್ಲಿ ಅಂಚು ತಗ್ಗಿಗೆ ಇಳಿಯುವುದಿಲ್ಲ. ವಾಲ್ವಿನಿಂದಲೇ ಶುರು ಮಾಡಿದವರಿಗೆ ಸಿಗಬೇಕಾದ ಸಡಿಲ ಅಲ್ಲೇ ಖರ್ಚಾಗುತ್ತದೆ. ಬಿಗಿಯಾದಾಗ ಮತ್ತೆ ಎದುರು ದಿಕ್ಕಿಗೆ ಹೋಗಿ, ಟೈರನ್ನು ಚಿವುಟಿ ಎರಡೂ ಅಂಚನ್ನು ನಡುವಿಗೆ ತಳ್ಳುತ್ತ ಬನ್ನಿ. ಎರಡು ಮೂರು ಸುತ್ತು ಹೀಗೆ ಮಾಡಿದರೆ ಗೇಣು ಇದ್ದದ್ದು ನಾಲ್ಕು ಬೆರಳಿಗೆ ಇಳಿಯುತ್ತದೆ.

5. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಹೊರಕ್ಕೆ ಜಾರುತ್ತಿದೆಯೇ? ಜಾರುವ ಜಾಗದಲ್ಲಿ ಟೈರನ್ನೂ ರಿಮ್ಮನ್ನೂ ಸೇರಿಸಿ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿಯಿರಿ. ಮೂರನೇ ಕೈ ಬಂದ ಹಾಗೆ.

6. ಸೋಪಿನ ನೀರು ಸವರಿ. ಎಣ್ಣೆ, ಗ್ರೀಸ್ ಬೇಡವೇ ಬೇಡ. ರಬ್ಬರ್ ಹಾಳು, ರಿಮ್ ಬ್ರೇಕ್ ಇದ್ದರೆ ಬ್ರೇಕೂ ಹಿಡಿಯದು.

7. ಹೆಬ್ಬೆರಳಿಗೆ ರಜೆ ಕೊಡಿ. ಚಕ್ರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಅಂಗೈ ಬುಡದಿಂದ ಅಂಚನ್ನು ಆಚೆಗೆ ಉರುಳಿಸಿ. ಹಳೇ ಗ್ಲೌಸ್ ಹಾಕಿಕೊಂಡರೆ ಹಿಡಿತವೂ ಸಿಗುತ್ತದೆ, ಚರ್ಮವೂ ಉಳಿಯುತ್ತದೆ.

8. ಲಿವರ್ ಕೊನೆಯ ಉಪಾಯ. ಪ್ಲಾಸ್ಟಿಕ್ಕಿನದೇ ಇರಲಿ, ಒಂದು ಸಲಕ್ಕೆ ಒಂದೆರಡು ಬೆರಳಗಲ ಮಾತ್ರ ಎತ್ತಿ, ತುದಿಗೆ ಟ್ಯೂಬ್ ಸಿಕ್ಕಿಲ್ಲವೆಂದು ಬಗ್ಗಿ ನೋಡಿಕೊಳ್ಳಿ. ಸ್ಕ್ರೂಡ್ರೈವರ್ ಹಿಡಿದವರು ಜೊತೆಗೊಂದು ಹೊಸ ಟ್ಯೂಬನ್ನೂ ತಂದಿಟ್ಟುಕೊಳ್ಳಲಿ! ಕೈಯಲ್ಲಿ ಬಲವೇ ಇಲ್ಲದವರಿಗೆ ಟೈರ್ ಜ್ಯಾಕ್ ಎಂಬ ಸಾಧನ ಸಿಗುತ್ತದೆ. ಅದು ರಿಮ್ಮಿನ ಆಚೆ ಅಂಚಿಗೆ ಒರಗಿಕೊಂಡು ಟೈರನ್ನು ಎಳೆದು ಕೂರಿಸುತ್ತದೆ.

9. ಗಾಳಿ ಹೊಡೆಯಲು ಆತುರ ಬೇಡ. ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ, ಅಂಚಿನಡಿ ಸಿಕ್ಕ ಟ್ಯೂಬ್ ಬಿಡಿಸಿಕೊಳ್ಳುತ್ತದೆ. ಆಮೇಲೆ ಎರಡೂ ಪಕ್ಕ ಟೈರನ್ನು ಸರಿಸಿ ಸುತ್ತಲೂ ನೋಡಿ. ಎಲ್ಲಾದರೂ ಟ್ಯೂಬ್ ಇಣುಕಿದರೆ ಬಿಚ್ಚಿ ಸರಿಮಾಡಿ, ಇಲ್ಲವೇ ಪಟಾಕಿ ಸದ್ದಿಗೆ ಸಿದ್ಧರಾಗಿ. ಅರ್ಧ ಗಾಳಿಗೆ ನಿಲ್ಲಿಸಿ: ಅಂಚಿನ ಪಕ್ಕ ಅಚ್ಚಾಗಿರುವ ತೆಳುಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿದ್ದರೆ ಪೂರ್ತಿ ಹೊಡೆಯಿರಿ.

10. ಕೂತ ಟೈರನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ಹಾಕಿ. ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ತಿರುವಿನಲ್ಲಿ ಪಂಚರ್ ಆದಾಗ ಬೇಕಾಗುವುದು ಈ ಅಭ್ಯಾಸ. ಬಿಚ್ಚುವಾಗಲೂ ತಗ್ಗಿನದೇ ಆಟ: ಗಾಳಿ ಪೂರ್ತಿ ತೆಗೆದು, ಎರಡೂ ಅಂಚನ್ನು ಸುತ್ತಲೂ ನಡುವಿಗೆ ತಳ್ಳಿ, ಆಮೇಲೆ ವಾಲ್ವಿನ ಹತ್ತಿರ ಲಿವರ್ ಹಾಕಿ. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಅಂಚು ಮೆಟ್ಟಿಲಿಗೆ ಕಚ್ಚಿಕೊಂಡಿರುತ್ತದೆ. ಚಕ್ರ ಮಲಗಿಸಿ, ಶೂ ಹಾಕಿದ ಕಾಲಲ್ಲಿ ಟೈರಿನ ಪಕ್ಕವನ್ನಷ್ಟೇ ಹದವಾಗಿ ತುಳಿದರೆ ಟಪ್ಪನೆ ಬಿಡುತ್ತದೆ.