ನಾಲಿಗೆ ಚಾಚಿಸುವುದೇಕೆ?

ಪುಟ್ಟಿ,

ತಲೆ-ಕತ್ತಿನ ಭ್ರೂಣ ಬೆಳವಣಿಗೆಯ ಪಾಠವನ್ನು ಪರೀಕ್ಷೆಗೆ ಕೈಬಿಡುತ್ತಿದ್ದೀಯಂತೆ. ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬರುವುದು ನಾಲ್ಕು ಮಾರ್ಕು, ಓದಬೇಕಾದ್ದು ನಲವತ್ತು ಪುಟ ಎಂಬ ನಿನ್ನ ಲೆಕ್ಕವೂ ಗೊತ್ತಾಯಿತು. ಓದುವುದೋ ಬಿಡುವುದೋ ನಿನಗೆ ಸೇರಿದ್ದು. ಆದರೆ ನಿನ್ನ ಈ ದೊಡ್ಡಮ್ಮನಿಗೆ ಸಿಟ್ಟು ಬಂದಿರುವುದಂತೂ ನಿಜ.

ದೊಡ್ಡಮ್ಮ ಹೌಸ್‌ಸರ್ಜನ್ ಆಗಿದ್ದಾಗ ಒಬ್ಬ ಹುಡುಗ ಬಂದಿದ್ದ, ಏಳೆಂಟು ವರ್ಷದವನು. ಕತ್ತಿನ ನಟ್ಟನಡುವೆ ನೆಲ್ಲಿಕಾಯಿಯಷ್ಟು ಗಂಟು, ಅದರ ಮೇಲೆ ಹಳೆಯ ಹೊಲಿಗೆಯ ಗುರುತು. ಬೇರೆಲ್ಲೋ ಗಂಟಷ್ಟನ್ನೇ ತೆಗೆದು ಕಳಿಸಿದ್ದರು. ವರ್ಷ ತುಂಬುವುದರೊಳಗೆ ಮತ್ತೆ ಎದ್ದಿತ್ತು. ಒಸರುತ್ತಿದ್ದ ಕೀವನ್ನು ತಾಯಿ ಸೆರಗಿನ ತುದಿಯಿಂದ ಒರೆಸುತ್ತ ನಿಂತಿದ್ದಳು. ಯುನಿಟ್‌ನ ಹಿರಿಯ ಸರ್ಜನ್ ಗಂಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, "ನಾಲಿಗೆ ಚಾಚೋ ಮರಿ" ಎಂದರು. ಹುಡುಗ ನಾಚುತ್ತ ಚಾಚಿದ. ಗಂಟು ಬೆರಳ ಸಂದಿಯಲ್ಲೇ ಮೇಲಕ್ಕೆ ಸರಿಯಿತು. "ಯಾಕೆ ಸರೀತು? ಹೇಳಿ" ಎಂದು ಅವರು ನಿಂತವರತ್ತ ತಿರುಗಿದರು.

ಥೈರಾಯ್ಡ್ ಹುಟ್ಟುವುದು ಕತ್ತಿನಲ್ಲಲ್ಲ, ನಾಲಿಗೆಯ ಬುಡದಲ್ಲಿ. ಭ್ರೂಣದ 4ನೇ ವಾರ ಅಲ್ಲಿ ಮೊಳೆತು, ಹಯಾಯ್ಡ್ ಮೂಳೆಯ ಮುಂದಿನಿಂದ ಇಳಿದು, 7ನೇ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ನೆಲೆ ನಿಲ್ಲುತ್ತದೆ. ಇಳಿದ ದಾರಿಯ ನಾಳ ಕರಗಿಹೋಗಬೇಕು. ಎಲ್ಲೋ ಚೂರು ಉಳಿದರೆ ಅಲ್ಲಿ ನೀರು ತುಂಬಿ ಗಂಟು ಕಟ್ಟುತ್ತದೆ. ಆ ದಾರಿ ನಾಲಿಗೆಯ ಬುಡಕ್ಕೆ ಅಂಟಿಕೊಂಡಿರುವುದರಿಂದ ನಾಲಿಗೆ ಚಾಚಿದಾಗ ಗಂಟು ಮೇಲಕ್ಕೆ ಸರಿಯುತ್ತದೆ. ಹಾಗಾಗಿ ಗಂಟಷ್ಟನ್ನೇ ತೆಗೆದರೆ ಸಾಲದು. ಹಯಾಯ್ಡ್‌ನ ನಡುಭಾಗವನ್ನೂ ನಾಲಿಗೆಯ ಬುಡದವರೆಗಿನ ಆ ದಾರಿಯನ್ನೂ ತೆಗೆಯಬೇಕೆಂದು ಅಮೆರಿಕದ ಮೇಯೊ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲೇ ಬರೆದರು. ಕೀವು ಒಣಗಿದ ಮೇಲೆ ಹುಡುಗನಿಗೂ ಅದೇ ಆಪರೇಷನ್ ಆಯಿತು.

ನಲವತ್ತು ಪುಟದಲ್ಲಿ ಇದು ಒಂದೂವರೆ ಪುಟ, ಅಷ್ಟೇ.

ಹೆರಿಗೆ ವಾರ್ಡಿನ ಕಥೆ ಬೇರೆ. ಸೀಳುತುಟಿಯ ಮಗು ಹುಟ್ಟಿತೆಂದರೆ ಬಾಣಂತಿಯ ಮಂಚದ ಸುತ್ತ ವಿಚಾರಣೆ ಶುರು: ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಟ್ಟಿದೆಯಾ? ಅವಳು ಅಳುತ್ತಾಳೆ. ಮೂಗಿನ ಕಡೆಯ ಉಬ್ಬೂ ಮೇಲ್ದವಡೆಯ ಉಬ್ಬೂ ಬೆಸೆದು ಮೇಲ್ತುಟಿಯಾಗುವುದು 7ನೇ ವಾರದ ಸುಮಾರಿಗೆ. ಅಂಗುಳ ಕೂಡುವುದು 12ನೇ ವಾರದ ಹೊತ್ತಿಗೆ. ಐದನೇ ತಿಂಗಳಲ್ಲಿ ಹಿಡಿದ ಗ್ರಹಣ ಕೂಡಿಯಾದ ತುಟಿಯನ್ನು ಸೀಳುವುದಾದರೂ ಹೇಗೆ? ವಂಶವಾಹಿ, ಕೆಲವು ಮೂರ್ಛೆರೋಗದ ಮಾತ್ರೆ, ಧೂಮಪಾನ, ಹೀಗೆ ಕಾರಣಗಳು ಹಲವು, ಈಳಿಗೆಮಣೆ ಅದರಲ್ಲಿಲ್ಲ. ವಾರಗಳ ಈ ಲೆಕ್ಕವನ್ನು ಬಾಣಂತಿಯ ಅತ್ತೆಯ ಎದುರೇ ಹೇಳಬೇಕಾದವಳು ಡ್ಯೂಟಿಯಲ್ಲಿರುವ ಡಾಕ್ಟರು. ಅವಳೇ ತಡವರಿಸಿದರೆ?

ನೀಟ್‌ಗೆ ಎರಡು ವರ್ಷ ನಿದ್ದೆಗೆಟ್ಟವಳಿಗೆ ನಲವತ್ತು ಪುಟ ಭಾರವಾಯಿತೇ? ಗೈಡು ಉರುಹೊಡೆದು ಪಾಸಾಗುವವರಿಗೇನು ಕೊರತೆ, ಆ ಸಾಲಿಗೆ ನೀನೂ ಯಾಕೆ?

ಬೈಗುಳ ಹೆಚ್ಚಾಯಿತೇನೋ. ಪುಸ್ತಕ ಒಣಕಲಾಗಿದೆ, ಅದಕ್ಕೆ ನೀನು ಹೊಣೆಯಲ್ಲ. ಭ್ರೂಣದ ಕತ್ತಿನ ಕಮಾನುಗಳನ್ನು (ಫ್ಯಾರಿಂಜಿಯಲ್ ಆರ್ಚ್) ನರದ ಗುರುತಿನಿಂದ ಹಿಡಿ: ಮೊದಲನೆಯದು ಟ್ರೈಜೆಮಿನಲ್, ಅಗಿಯುವ ಸ್ನಾಯುಗಳು, ಎರಡನೆಯದು ಫೇಶಿಯಲ್, ನಗುವ, ಹುಬ್ಬೇರಿಸುವ ಸ್ನಾಯುಗಳು. ಆರನೆಯದರ ನರ ಮಾತ್ರ ಬಲಕ್ಕೊಂದು ಎಡಕ್ಕೊಂದು ದಾರಿ ಹಿಡಿಯುತ್ತದೆ, ಓದಿ ತಲೆಗೆ ಹೋಗುವುದು ಕಷ್ಟ. ಭಾನುವಾರ ಊಟಕ್ಕೆ ಬಾ, ದೊಡ್ಡಮ್ಮ ಬರೆದು ತೋರಿಸುತ್ತಾಳೆ. ಬಣ್ಣದ ಪೆನ್ಸಿಲ್ ನೀನೇ ತಾ.