ಸ್ಟ್ಯಾಂಡರ್ಡೋ, ಐಟಮೈಸ್ಡೋ?

ಅಮೆರಿಕದಲ್ಲಿ ಮೊದಲ ಸಲ ಟ್ಯಾಕ್ಸ್ ರಿಟರ್ನ್ ತುಂಬುವವರು ಹೆಚ್ಚಾಗಿ ತಡವರಿಸುವುದು ಡಿಡಕ್ಷನ್ ಹತ್ತಿರ. ಡಿಡಕ್ಷನ್ ಎಂದರೆ ಸರ್ಕಾರ ವಾಪಸ್ ಕೊಡುವ ಹಣವಲ್ಲ. ತೆರಿಗೆ ಲೆಕ್ಕ ಹಾಕುವ ಮೊದಲು ನಿಮ್ಮ ಆದಾಯದಿಂದ ಕಳೆಯುವ ಮೊತ್ತ. ಅದನ್ನು ಕಳೆಯಲು ದಾರಿ ಎರಡು, ಹಿಡಿಯಬಹುದಾದದ್ದು ಒಂದೇ.

ಸ್ಟ್ಯಾಂಡರ್ಡ್ ಡಿಡಕ್ಷನ್‌ಗೆ ರಸೀದಿ ಬೇಡ. 2025ರ ಆದಾಯಕ್ಕೆ ಒಂಟಿಯಾಗಿದ್ದವರಿಗೆ 15,750 ಡಾಲರ್, ಗಂಡ ಹೆಂಡತಿ ಜಂಟಿಯಾಗಿ ತುಂಬಿದರೆ 31,500 ಡಾಲರ್. ಐಟಮೈಸ್ಡ್ ಎಂದರೆ ಕಾನೂನು ಒಪ್ಪುವ ಖರ್ಚುಗಳನ್ನು ಶೆಡ್ಯೂಲ್ ಎ ಎಂಬ ಫಾರ್ಮಿನಲ್ಲಿ ಒಂದೊಂದಾಗಿ ಬರೆದು ಕೂಡಿಸುವುದು. ಯಾವ ಮೊತ್ತ ದೊಡ್ಡದೋ ಅದನ್ನು ಆರಿಸಿಕೊಳ್ಳಿ.

ಬಾಡಿಗೆ ಮನೆಯಲ್ಲಿರುವವರು ಬಹುಪಾಲು ಇಲ್ಲಿಗೇ ನಿಲ್ಲಿಸಬಹುದು. ಮನೆ ಬಾಡಿಗೆ, ಕಾರಿನ ಸಾಲದ ಬಡ್ಡಿ ಯಾವುದಕ್ಕೂ ಶೆಡ್ಯೂಲ್ ಎಯಲ್ಲಿ ಜಾಗವಿಲ್ಲ. ಆಸ್ಪತ್ರೆ ಖರ್ಚಿಗೆ ಇದೆ, ಆದರೆ ಆದಾಯದ ಶೇ. 7.5ನ್ನು ದಾಟಿದ ಭಾಗಕ್ಕೆ ಮಾತ್ರ.

ಲೆಕ್ಕ ಹಾಕಲೇಬೇಕಾದವರು ಸ್ವಂತ ಮನೆ ಕೊಂಡವರು. ವರ್ಷಕ್ಕೆ 1,60,000 ಡಾಲರ್ ಆದಾಯದ ಒಂದು ದಂಪತಿ ಇದ್ದಾರೆ ಎಂದುಕೊಳ್ಳೋಣ. ಮನೆ ಸಾಲದ ಬಡ್ಡಿ 18,000, ಮನೆ ತೆರಿಗೆ 9,000, ರಾಜ್ಯದ ಆದಾಯ ತೆರಿಗೆ 7,000, ದಾನ 1,500. ಒಟ್ಟು 35,500, ಅಂದರೆ ಸ್ಟ್ಯಾಂಡರ್ಡ್‌ಗಿಂತ 4,000 ಹೆಚ್ಚು. ಇವರು ಶೇ. 22ರ ಹಂತದಲ್ಲಿದ್ದಾರೆ, ಹಾಗಾಗಿ ನಿಜವಾಗಿ ಉಳಿಯುವುದು 880 ಡಾಲರ್. ನಾಲ್ಕು ಸಾವಿರವಲ್ಲ! ಇದೇ ಖರ್ಚು 2024ರಲ್ಲಿ ಆಗಿದ್ದರೆ? ಆಗ ರಾಜ್ಯ ಮತ್ತು ಸ್ಥಳೀಯ ತೆರಿಗೆಗಳೆಲ್ಲ ಸೇರಿ 10,000ಕ್ಕಿಂತ ಹೆಚ್ಚು ತೋರಿಸುವಂತಿರಲಿಲ್ಲ. ಮೊತ್ತ 29,500ಕ್ಕೆ ಇಳಿಯುತ್ತಿತ್ತು. ಆ ವರ್ಷದ ಸ್ಟ್ಯಾಂಡರ್ಡ್ 29,200. ಮುನ್ನೂರು ಡಾಲರ್ ವ್ಯತ್ಯಾಸಕ್ಕೆ ಅಷ್ಟೆಲ್ಲ ಕಾಗದ ಜೋಡಿಸಬೇಕಿತ್ತು. 2025ಕ್ಕೆ ಆ ಮಿತಿ 40,000ಕ್ಕೆ ಏರಿದೆ (ಐದು ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಕಡಿಮೆಯಾಗುತ್ತದೆ). ಹೋದ ವರ್ಷ ಸ್ಟ್ಯಾಂಡರ್ಡ್ ಹಿಡಿದವರೂ ಈ ಸಲ ಕೂಡಿಸಿ ನೋಡುವುದು ಒಳ್ಳೆಯದು.

ದಾನದ ವಿಷಯದಲ್ಲಿ ನಮ್ಮವರು ಎಡವುವುದುಂಟು. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನೇರವಾಗಿ ಕಳಿಸಿದ ಹಣ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ 501(ಸಿ)(3) ಮಾನ್ಯತೆ ಇರುವ ದೇವಸ್ಥಾನಕ್ಕೋ ಕನ್ನಡ ಕೂಟಕ್ಕೋ ಕೊಟ್ಟಿದ್ದರೆ ಬರುತ್ತದೆ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಅವರಿಂದ ಲಿಖಿತ ರಸೀದಿ ಪಡೆದಿಟ್ಟುಕೊಳ್ಳಿ.

ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ತುಂಬುವುದಾದರೆ ಮೊದಲೇ ಮಾತಾಡಿಕೊಳ್ಳಿ: ಒಬ್ಬರು ಐಟಮೈಸ್ ಮಾಡಿದರೆ ಇನ್ನೊಬ್ಬರಿಗೆ ಸ್ಟ್ಯಾಂಡರ್ಡ್ ಸಿಗುವುದಿಲ್ಲ.

ಕೊನೆಯದು ವಿದ್ಯಾರ್ಥಿಗಳಿಗೆ. ಎಫ್-1 ವೀಸಾದವರು ಸಾಮಾನ್ಯವಾಗಿ ಮೊದಲ ಐದು ವರ್ಷ ತೆರಿಗೆ ಲೆಕ್ಕದಲ್ಲಿ ಅನಿವಾಸಿಗಳು, ಅನಿವಾಸಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಮಾತ್ರ ಎರಡೂ ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿ ಈ ಸೌಲಭ್ಯ ಕೊಡುತ್ತದೆ. ಚೀನಾದಿಂದ ಬಂದ ನಿಮ್ಮ ಸಹಪಾಠಿಗೆ ಅದು ಸಿಗದು, ಆದ್ದರಿಂದ ಅವರ ರಿಟರ್ನ್ ನೋಡಿ ನಿಮ್ಮದನ್ನು ತುಂಬಬೇಡಿ. ನೀವು ತುಂಬಬೇಕಾದ ಫಾರ್ಮ್ 1040-ಎನ್‌ಆರ್. ಎಲ್ಲರೂ ಬಳಸುವ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಅದು ಇರುವುದೇ ಇಲ್ಲ, ದುಡ್ಡು ಕಟ್ಟುವ ಮುಂಚೆ ವಿಚಾರಿಸಿಕೊಳ್ಳಿ.