ನಮ್ಮ ಪೆಂಟಿಯಂಗೆ ‘ವಿ3’ ಉಬುಂಟು ಆಗುತ್ತದೆಯೇ?

ಪ್ರಶ್ನೆ: ಸಿಂಧನೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಿಂಗಸುಗೂರಿನ ಗೆಳೆಯ ತನ್ನ ಹೊಸ ಲ್ಯಾಪ್‌ಟಾಪಿಗೆ ಉಬುಂಟು 25.10 ಹಾಕಿ, ‘ಎಎಂಡಿ64ವಿ3’ ಪ್ಯಾಕೇಜುಗಳನ್ನು ಇಳಿಸಿಕೊಂಡಿದ್ದಾನೆ. ನಮ್ಮದು ಇಂಟೆಲ್ ಪೆಂಟಿಯಂ. ಎಎಂಡಿ ಹೆಸರಿನದು ನಮಗೆ ಆಗುತ್ತದೆಯೇ? ಅವನ ಡಿಸ್ಕನ್ನೇ ನಕಲು ಮಾಡಿ ಮಸ್ಕಿಯ ಅಂಗಡಿಯ ಹಳೆಯ ಕಂಪ್ಯೂಟರಿಗೂ ಹಾಕಬಹುದೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಎಎಂಡಿ ಎಂಬ ಹೆಸರಿಗೆ ಹೆದರಬೇಡಿ. ಈ 64 ಬಿಟ್ ಆದೇಶಗಳ ಪಟ್ಟಿಯನ್ನು ರೂಪಿಸಿ 2003ರಲ್ಲಿ ಮಾರುಕಟ್ಟೆಗೆ ತಂದದ್ದು ಎಎಂಡಿ. ಮರುವರ್ಷವೇ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಡೆಬಿಯನ್, ಉಬುಂಟುವಿನವರು ಮೊದಲಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಅಷ್ಟೆ. ನೀವು ನೋಡಬೇಕಾದದ್ದು ಕೊನೆಯ ‘ವಿ3’.

2003ರ ನಂತರ ಪ್ರೊಸೆಸರುಗಳು ಹೊಸ ಹೊಸ ಆದೇಶಗಳನ್ನು ಕಲಿಯುತ್ತ ಹೋದವು. ಆದರೆ ಜಾತ್ರೆಯ ದಾಸೋಹದ ಸಾರಿಗೆ ಮಕ್ಕಳೂ ಉಣ್ಣುವಷ್ಟೇ ಖಾರ ಹಾಕುವ ಹಾಗೆ, ಡಿಸ್ಟ್ರಿಬ್ಯೂಷನ್‌ನವರು ಎಲ್ಲ ಪ್ಯಾಕೇಜುಗಳನ್ನೂ ತೀರಾ ಹಳೆಯ ಯಂತ್ರಕ್ಕೆ ಅರ್ಥವಾಗುವಂತೆಯೇ ಕಂಪೈಲ್ ಮಾಡುತ್ತ ಬಂದರು. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸುಸೆ ಕಂಪನಿಗಳು ಕೂಡಿ ನಾಲ್ಕು ಮಟ್ಟಗಳನ್ನು ಗುರುತಿಸಿದವು. ಮೂರನೆಯದಾದ ವಿ3ಗೆ ಎವಿಎಕ್ಸ್2 ಬೇಕು. ಒಂದೇ ಆದೇಶದಲ್ಲಿ 32 ಬಿಟ್‌ನ ಎಂಟು ಸಂಖ್ಯೆಗಳನ್ನು ಒಟ್ಟಿಗೆ ಕೂಡಿಸುವ ಶಕ್ತಿ ಅದರದು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್ವೆಲ್‌ನಿಂದ.

ಹಾಗಾದರೆ 2013ರ ನಂತರ ಕೊಂಡದ್ದೆಲ್ಲ ಸರಿಯೇ? ಅಲ್ಲ. ಕೋರ್ ಐ3, ಐ5ಗಳಿಗೆ ಕೊಟ್ಟ ಎವಿಎಕ್ಸ್2 ಅನ್ನು ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಿಗೆ ಇಂಟೆಲ್ ಎಷ್ಟೋ ವರ್ಷ ಕೊಡಲೇ ಇಲ್ಲ. 2018ರ ಪೆಂಟಿಯಂ ಗೋಲ್ಡ್ ಜಿ5400ರಲ್ಲೂ ಅದಿಲ್ಲ. 2013ರ ಐ3-4130ರಲ್ಲಿ ಇದೆ. ವರ್ಷ ನೋಡಿ ಅಂದಾಜು ಮಾಡಬೇಡಿ. ಟರ್ಮಿನಲ್ ತೆರೆದು ಎಲ್-ಎಸ್-ಸಿ-ಪಿ-ಯು ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಹೊಡೆದು, ‘ಫ್ಲ್ಯಾಗ್ಸ್’ ಎಂಬ ಉದ್ದನೆಯ ಸಾಲಿನಲ್ಲಿ ಎವಿಎಕ್ಸ್2 ಇದೆಯೇ ಹುಡುಕಿ.

ಇಲ್ಲದಿದ್ದರೆ ಡಿಸ್ಕ್ ನಕಲಿನ ಆಸೆ ಬಿಡಿ. ಪೂರ್ತಿ ಬೇರೆ ಜಾತಿಯ ಪ್ರೊಸೆಸರಾದರೆ ಗೊಂದಲವೇ ಇರುವುದಿಲ್ಲ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಕಂಪನಿಯವರೊಡನೆ ತಂದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಸ್ಟ್ರಾಂಗ್‌ಆರ್ಮ್ ಚಿಪ್ಪಿನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಅದರ ಪ್ರೋಗ್ರಾಂ ನಿಮ್ಮ ಪೆಂಟಿಯಂನಲ್ಲಿ ಶುರುವೇ ಆಗುವುದಿಲ್ಲ. ವಿ3 ಹಾಗಲ್ಲ. ಹಳೆಯ ಯಂತ್ರದಲ್ಲಿ ಪ್ರೋಗ್ರಾಂ ಒಂದಷ್ಟು ದೂರ ಓಡಿ, ತಿಳಿಯದ ಆದೇಶ ಎದುರಾದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ. ಮದುವೆ ಪತ್ರಿಕೆ ಅರ್ಧ ಆಗಿರುವಾಗ ಹೀಗಾದರೆ ಗಿರಾಕಿಗೆ ಏನು ಹೇಳುತ್ತೀರಿ?

ಉಬುಂಟುವಿನವರು ಮಾಡಿದ್ದು ನನಗೆ ಮೆಚ್ಚುಗೆಯಾಯಿತು. ಸಾಮಾನ್ಯ ಪ್ಯಾಕೇಜುಗಳನ್ನು ಹಾಗೇ ಉಳಿಸಿ, ಪಕ್ಕದಲ್ಲಿ ವಿ3 ಇಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದರು. ವಿ3ಗೆ ಆರಿಸಿದ ಪ್ರತಿ ಪ್ಯಾಕೇಜನ್ನೂ ಎರಡೆರಡು ಸಲ ಕಟ್ಟಬೇಕು, ಪರೀಕ್ಷಿಸಬೇಕು, ಸರ್ವರಿನಲ್ಲಿ ಜಾಗ ಕೊಡಬೇಕು, ಖರ್ಚು ಕಡಿಮೆಯೇನಲ್ಲ. ರೆಡ್ ಹ್ಯಾಟ್ ಮಾತ್ರ 2025ರ ತನ್ನ 10ನೇ ಆವೃತ್ತಿಗೆ ವಿ3 ಕಡ್ಡಾಯ ಮಾಡಿಬಿಟ್ಟಿತು. ಅದರ ಜಾಡಿನಲ್ಲೇ ನಡೆಯುವ ಅಲ್ಮಾಲಿನಕ್ಸ್ ಹಳೆಯ ಯಂತ್ರದವರಿಗಾಗಿ ವಿ2 ಆವೃತ್ತಿಯನ್ನೂ ಬೇರೆಯಾಗಿ ಕಟ್ಟಿಕೊಡುತ್ತಿದೆ.

ಇಷ್ಟೆಲ್ಲ ಮಾಡಿ ಸಿಗುವ ವೇಗ ಎಷ್ಟು? ಹೆಚ್ಚಿನ ಪ್ಯಾಕೇಜುಗಳಲ್ಲಿ ಶೇ 1ರ ಆಸುಪಾಸು ಎಂದು ಉಬುಂಟು ತಂಡವೇ ಹೇಳಿದೆ. ಲೆಕ್ಕಾಚಾರದ ಕೆಲಸಗಳಿಗೆ ಇನ್ನಷ್ಟು. ಡಿಟಿಪಿಯಲ್ಲಿ ಅದು ಕಣ್ಣಿಗೂ ಬೀಳದು. ಎರಡೂ ಅಂಗಡಿಗೆ ಸಾಮಾನ್ಯ ಎಎಂಡಿ64 ಆವೃತ್ತಿಯನ್ನೇ ಹಾಕಿ. ಮಸ್ಕಿಯ ಕಂಪ್ಯೂಟರಿನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಒಂದು ಎಸ್‌ಎಸ್‌ಡಿ ಕೂಡಿಸಿ. ವೇಗ ಹೆಚ್ಚಿದ್ದು ಅಂದೇ ಗೊತ್ತಾಗುತ್ತದೆ.